ನೆಕ್ ಬುಡದ ಠಸ್ಸೆ ನಂಬಬಹುದಾ?

ಪ್ರಶ್ನೆ: “ಪರಿಚಯದವರ ಹತ್ರ ಸ್ಟ್ರ್ಯಾಟೊಕಾಸ್ಟರ್ ಮಾದರಿಯ ಹಳೇ ಎಲೆಕ್ಟ್ರಿಕ್ ಗಿಟಾರ್ ತಗೊಂಡೆ. ತಲೆ ಮೇಲೆ ಫೆಂಡರ್ ಅಂತಿದೆ. ನೆಕ್ (ಕತ್ತಿನ ಉದ್ದ ಮರ) ಬಿಚ್ಚಿದರೆ ಬುಡದಲ್ಲಿ ‘ಲೈಸೆನ್ಸ್ಡ್ ಬೈ ಫೆಂಡರ್’ ಅಂತ ಠಸ್ಸೆ, ಕೆಳಗೆ ‘ಎಸ್‌ಆರ್‌ಓ’ ಅಂತ ಬರೆದಿದೆ. ಇದು ಒರಿಜಿನಲ್ಲೋ, ಡೂಪ್ಲಿಕೇಟೋ? ನೆಕ್ ಮೇಲಿನ ಫ್ರೆಟ್ (ಅಡ್ಡ ಲೋಹದ ಗೆರೆ) ಸವೆದಿವೆ. ಬೇರೆ ನೆಕ್ ತರೋದಾದರೆ ಠಸ್ಸೆ ನೋಡಿಯೇ ತರಬಹುದಾ?” (ಓದುಗರು, ರಾಬರ್ಟ್‌ಸನ್‌ಪೇಟೆ, ಕೆಜಿಎಫ್)

ಉತ್ತರ: ಎರಡೂ ಅಲ್ಲ. ನಿಮ್ಮ ಕೈಲಿರುವುದು ಅನುಮತಿ ಪಡೆದು ಮಾಡಿದ ಬದಲಿ ನೆಕ್. ಫೆಂಡರ್ ಕಂಪನಿ ತನ್ನ ಕಾರ್ಖಾನೆಯ ನೆಕ್ಕಿಗೆ ತಾನೇ ಲೈಸೆನ್ಸ್ ಕೊಟ್ಟುಕೊಳ್ಳುವುದಿಲ್ಲವಲ್ಲ! ಆ ಮಾತು ಕಂಡರೆ ಮಾಡಿದವರು ಬೇರೆಯವರು ಅಂತಲೇ ಅರ್ಥ. ಲೈಸೆನ್ಸ್ ಸಿಗುವುದು ತಲೆಯ ಆಕಾರಕ್ಕೆ, ಹೆಸರಿಗಲ್ಲ. ಹಾಗಾಗಿ ತಲೆ ಮೇಲಿನ ಫೆಂಡರ್ ಹೆಸರು ಆಮೇಲೆ ಯಾರೋ ಅಂಟಿಸಿದ ಸ್ಟಿಕ್ಕರ್. ಸುಳ್ಳಿರುವುದು ಅಲ್ಲಿ, ಮರದಲ್ಲಲ್ಲ.

ಬರೀ ತಲೆಗೆ ಯಾಕೆ ಲೈಸೆನ್ಸ್, ಗಿಟಾರಿನ ಬಾಡಿಯ ಆಕಾರಕ್ಕೆ ಯಾಕಿಲ್ಲ? ಹೆಡ್‌ಸ್ಟಾಕಿನ, ಅಂದರೆ ಆ ತಲೆಯ, ಆಕಾರ ಫೆಂಡರ್‌ನ ನೋಂದಾಯಿತ ಟ್ರೇಡ್‌ಮಾರ್ಕ್. ತನ್ನ ಸ್ಟ್ರ್ಯಾಟ್ (ಸ್ಟ್ರ್ಯಾಟೊಕಾಸ್ಟರ್), ಟೆಲಿ (ಟೆಲಿಕಾಸ್ಟರ್), ಪಿ-ಬೇಸ್ (ಪ್ರಿಸಿಷನ್ ಬೇಸ್) ಮಾದರಿಗಳ ಬಾಡಿ ಆಕಾರವನ್ನೂ ನೋಂದಾಯಿಸಿಕೊಳ್ಳಲು ಕಂಪನಿ ಹೊರಟಿತ್ತು. ಅಷ್ಟು ಹೊತ್ತಿಗೆ ಎಷ್ಟೋ ತಯಾರಕರು ಅದೇ ಆಕಾರ ಮಾಡುತ್ತಿದ್ದರು. 2009ರಲ್ಲಿ ಅಮೆರಿಕದ ಟ್ರೇಡ್‌ಮಾರ್ಕ್ ಮಂಡಳಿ ಆಗಲ್ಲ ಅಂದಿತು. ಅದಕ್ಕೇ ಅಮೆರಿಕದಲ್ಲಿ ಬಾಡಿಯನ್ನು ಯಾರು ಬೇಕಾದರೂ ಕಡೆಯಬಹುದು, ತಲೆಗೆ ಮಾತ್ರ ಅಪ್ಪಣೆ ಬೇಕು. ವಾರ್ಮೋತ್, ಆಲ್‌ಪಾರ್ಟ್ಸ್, ಮೈಟಿ ಮೈಟ್ ಹೀಗೆ ಅಪ್ಪಣೆ ಪಡೆದ ಹೆಸರುಗಳು.

ನಿಮ್ಮ ‘ಎಸ್‌ಆರ್‌ಓ’ ಆಲ್‌ಪಾರ್ಟ್ಸ್‌ನ ಮಾದರಿ ಕೋಡ್. ಮೊದಲ ಅಕ್ಷರ ಎಸ್ ಅಂದರೆ ಸ್ಟ್ರ್ಯಾಟ್, ಟಿ ಇದ್ದರೆ ಟೆಲಿ. ಎರಡನೆಯದು ಫಿಂಗರ್‌ಬೋರ್ಡಿನ (ನೆಕ್ ಮುಂದೆ ಬೆರಳೊತ್ತುವ ಹಲಗೆ) ಮರ: ಆರ್ ಅಂದರೆ ರೋಸ್‌ವುಡ್, ಎಂ ಅಂದರೆ ಮೇಪಲ್. ಕೊನೆಗೆ ‘ಫ್ಯಾಟ್’ ಅಂತಿದ್ದರೆ ದಪ್ಪ ನೆಕ್, ಸಣ್ಣ ಕೈಗೆ ಕಷ್ಟ. ಒಳ್ಳೇ ನೆಕ್ಕೇ ಸಿಕ್ಕಿದೆ ನಿಮಗೆ. ಫೆಂಡರ್ ಗಿಟಾರಿನ ಬೆಲೆ ಕೊಟ್ಟಿದ್ದರೆ ಮಾತ್ರ ಮೋಸ ಹೋಗಿದ್ದೀರಿ.

ಮರದ ವಿಷಯ ಬಂತಲ್ಲ, ಒಂದು ಮಾತು. ರೋಸ್‌ವುಡ್ ನಮ್ಮ ಬೀಟೆಯ ಜಾತಿ. 2017ರಲ್ಲಿ ಅದರ ಸಾಗಾಟಕ್ಕೆ ಅಂತರರಾಷ್ಟ್ರೀಯ ನಿರ್ಬಂಧ ಬಿದ್ದಾಗ ಫೆಂಡರ್‌ನದೇ ಕಡಿಮೆ ಬೆಲೆಯ ಸ್ಕ್ವೈಯರ್ ಗಿಟಾರ್‌ಗಳಿಗೆ ‘ಇಂಡಿಯನ್ ಲಾರೆಲ್’ ಬಂತು. ಹೆಸರು ಕೇಳಿ ಬೆರಗಾಗಬೇಡಿ, ಅದು ನಮ್ಮ ಕಾಡಿನ ಕರಿಮತ್ತಿ. 2019ರ ಕೊನೆಗೆ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು.

ಇನ್ನು ಹಳೇ ಫೆಂಡರ್ ಅಂತ ಹೇಳಿ ಮಾರುವ ನೆಕ್‌ಗಳ ಠಸ್ಸೆ. ಗೊಂದಲ ಹೆಚ್ಚು ಇರುವುದೇ ಇಲ್ಲಿ. 1962ಕ್ಕೆ ಮುಂಚೆ ಫೆಂಡರ್ ಕೆಲಸಗಾರರು ಬುಡದಲ್ಲಿ ಪೆನ್ಸಿಲ್‌ನಿಂದ ತಾರೀಕು ಬರೆಯುತ್ತಿದ್ದರು. 1962ರಿಂದ ಶಾಯಿಯ ಠಸ್ಸೆ ಬಂತು. ಉದಾಹರಣೆಗೆ ‘22 ಮೇ 68 ಬಿ’. ಎಲ್ಲರೂ ಇದನ್ನು 1968ರ ಮೇ 22 ಅಂತ ಓದುತ್ತಾರೆ. ತಪ್ಪು. 22 ತಾರೀಕಲ್ಲ, ಸ್ಟ್ರ್ಯಾಟ್‌ನ ಮಾದರಿ ಸಂಖ್ಯೆ. 1960ರ ದಶಕದ ಮೊದಲ ಭಾಗದಲ್ಲಿ ಸ್ಟ್ರ್ಯಾಟ್‌ಗೆ 2, ಟೆಲಿಗೆ 3 ಇತ್ತು. ಠಸ್ಸೆಯಲ್ಲಿ ಸಿಗುವುದು ತಿಂಗಳು, ವರ್ಷ ಅಷ್ಟೇ, ಅದೂ ನೆಕ್ಕಿನದು. ಗಿಟಾರ್ ಜೋಡಿಸಿದ್ದು ಆಮೇಲೆ ಇರಬಹುದು.

ಕೊನೆಯ ಅಕ್ಷರ ನಟ್ (ತಲೆ ಹತ್ತಿರ ತಂತಿಗಳು ಕೂರುವ ಗೀರಿನ ಪಟ್ಟಿ) ಹತ್ತಿರ ನೆಕ್ಕಿನ ಅಗಲ. ಎ ಅಂದರೆ 38.1 ಮಿ.ಮೀ., ಬಿ 41.3, ಸಿ 44.5, ಡಿ 47.6. ಗಿಟಾರಿನಲ್ಲಿ ಹೆಚ್ಚಾಗಿ ಕಾಣುವುದು ಬಿ. ಇವತ್ತು ಅಂಗಡಿಯಲ್ಲಿ ‘ಸಿ ನೆಕ್’ ಅನ್ನುವುದು ಬೇರೆ ಮಾತು, ಅದು ಬೆನ್ನಿನ ದುಂಡು ಆಕಾರ. ಎರಡನ್ನೂ ಒಂದೇ ಅಂದುಕೊಂಡು ಸಿ ಠಸ್ಸೆಯ ನೆಕ್ ತರಿಸಿದರೆ ಬಿಗಿಂತ 3 ಮಿ.ಮೀ. ಅಗಲ ಜಾಸ್ತಿ ಬರುತ್ತದೆ, ತಂತಿಗಳು ನಟ್ ಮೇಲೆ ಸರಿಯಾಗಿ ಕೂರುವುದಿಲ್ಲ.

ರಬ್ಬರ್ ಠಸ್ಸೆ ಮಾಡಿಸಲು ಎಷ್ಟು ಹೊತ್ತು ಬೇಕು ಹೇಳಿ? ಅದಕ್ಕೇ ಠಸ್ಸೆಯ ಮಾತನ್ನು ಮರದ ಮುಂದಿಟ್ಟು ನೋಡಬೇಕು. 64 ಅಂತ ಠಸ್ಸೆ ಇದ್ದು ಟ್ರಸ್ ರಾಡ್ (ನೆಕ್ ಬಾಗದಂತೆ ಒಳಗಿಟ್ಟ ಲೋಹದ ಸರಳು) ತಿರುಗಿಸುವ ಜಾಗ ತಲೆ ಕಡೆ ಬುಲೆಟ್ ತರಹ ಚಾಚಿದ್ದರೆ ಅದು 64 ಅಲ್ಲ. ಬುಲೆಟ್ ಬಂದದ್ದು 1971ರಲ್ಲಿ. ಅದಕ್ಕೆ ಮುಂಚೆ ಬುಡದಲ್ಲೇ ರಾಡ್ ತಿರುಗಿಸುವ ಪ್ಲಸ್ ಗೀಟಿನ ನಟ್ ಇರುತ್ತಿತ್ತು. ಹಾಗೇ, ಆ ಕಾಲದ ರೋಸ್‌ವುಡ್ ನೆಕ್‌ಗಳ ಬೆನ್ನಲ್ಲಿ ಕಪ್ಪು ಪಟ್ಟಿ ಇರುವುದಿಲ್ಲ, ರಾಡ್ ಮುಂದಿನಿಂದ ಹಾಕುತ್ತಿದ್ದರು. ಠಸ್ಸೆ 64, ಮುಂದೆ ರೋಸ್‌ವುಡ್, ಬೆನ್ನಲ್ಲಿ ಪಟ್ಟಿ: ಮೂರೂ ಸೇರಿದರೆ ಹಣ ವಾಪಸ್ ಕೇಳಿ. ಉಳಿದಂತೆ ಬುಡದಲ್ಲಿ ಕಾಣುವ ಒಂಟಿ ಅಂಕಿ, ಸಹಿ, ಬಾರ್‌ಕೋಡು ಕಾರ್ಖಾನೆಯ ತಪಾಸಣೆ ಗುರುತು. ತಲೆಕೆಡಿಸಿಕೊಳ್ಳಬೇಡಿ.

ಠಸ್ಸೆ ಮಸುಕಾಗಿದ್ದರೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಫೋಟೊ ತೆಗೆಯಿರಿ, ಮೊಬೈಲಲ್ಲೇ ಕಾಂಟ್ರಾಸ್ಟ್ ಏರಿಸಿ. ಥಿನ್ನರ್, ಸ್ಪಿರಿಟ್ ಮುಟ್ಟಿಸಿದಿರೋ ಶಾಯಿ ಹೋಯಿತು. ನೆಕ್ ಎತ್ತುವಾಗ ಪಾಕೆಟ್‌ನಿಂದ (ಬಾಡಿಯಲ್ಲಿ ನೆಕ್ ಕೂರುವ ಗುಂಡಿ) ಒಂದು ಚೂರು ರಟ್ಟೋ ಉಪ್ಪುಕಾಗದವೋ ಬಿದ್ದರೆ ಕಸ ಅಂತ ಎಸೆಯಬೇಡಿ. ನೆಕ್ಕಿನ ಓರೆ ಸರಿಮಾಡಲು ಬೇಕೆಂದೇ ಇಟ್ಟ ಪಟ್ಟಿ ಅದು. ಎಸೆದರೆ ತಂತಿಯ ಎತ್ತರ ಕೆಡುತ್ತದೆ.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ: ಬೇಡ, ಅಳತೆ ತಗೊಂಡು ಹೋಗಿ. ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಹೊಂದದ ನೆಕ್ ತರುವುದಕ್ಕಿಂತ ಮನೆಯಲ್ಲಿ ಹತ್ತು ನಿಮಿಷ ಸ್ಕೇಲ್ ಹಿಡಿಯುವುದು ಮೇಲು. ನಟ್‌ನ ಮುಂದಿನ ಅಂಚಿನಿಂದ 12ನೇ ಫ್ರೆಟ್‌ವರೆಗೆ 324 ಮಿ.ಮೀ. ಬಂದರೆ ಸ್ಕೇಲ್ ಉದ್ದ (ನಟ್‌ನಿಂದ ಬಾಡಿ ಮೇಲೆ ತಂತಿ ಕೂರುವ ಬ್ರಿಡ್ಜ್‌ವರೆಗಿನ ಅಳತೆ) 648, ಫೆಂಡರ್ ಅಳತೆ. 314 ಬಂದರೆ ಗಿಬ್ಸನ್ ಕಂಪನಿ ಗಿಟಾರ್ ತರಹದ 628. ಅಂಥ ನೆಕ್ ಈ ಬಾಡಿಗೆ ಹಾಕಿದರೆ ಶ್ರುತಿ ಯಾವತ್ತೂ ಕೂರುವುದಿಲ್ಲ. ಬುಡದ ಅಗಲ ಸುಮಾರು 56 ಮಿ.ಮೀ. ಇರಬೇಕು. ಸ್ಟ್ರ್ಯಾಟ್ ನೆಕ್ಕಿನ ಬುಡ ದುಂಡಗೆ, ಟೆಲಿಯದು ಚೌಕ. ಸ್ಟ್ರ್ಯಾಟ್ ನೆಕ್ ಟೆಲಿ ಬಾಡಿಗೆ ಕೂರುತ್ತದೆ, ಮೂಲೆಗಳಲ್ಲಿ ಸಂದು ಕಾಣುತ್ತದೆ ಅಷ್ಟೇ. ಟ್ಯೂನಿಂಗ್ ಕೀ ತೂತನ್ನೂ ಅಳೆಯಿರಿ. ಹಳೇ ಮಾದರಿಗೆ 8.7 ಮಿ.ಮೀ., ಈಗಿನದಕ್ಕೆ 10. ಹಳೇ ಕೀ ಹತ್ತರ ತೂತಿನಲ್ಲಿ ಅಲುಗಾಡುತ್ತದೆ. 22 ಫ್ರೆಟ್ ನೆಕ್ಕಿನ ಫಿಂಗರ್‌ಬೋರ್ಡ್ ತುದಿ ಬಾಡಿ ಮೇಲಿನ ಪ್ಲಾಸ್ಟಿಕ್ ತಗಡಿನ ಮೇಲೆ ಚಾಚಬಹುದು, ಆದರೆ ಸ್ಕೇಲ್ ಉದ್ದ ಬದಲಾಗುವುದಿಲ್ಲ.

ಹೊಸ ನೆಕ್ಕಿಗೆ ಸ್ಕ್ರೂ ತೂತು ಇಲ್ಲದಿದ್ದರೆ ನೆಕ್ ಹಾಳಾಗುವುದು ಈ ಹಂತದಲ್ಲೇ. ಪಾಕೆಟ್‌ಗೆ ಕೂರಿಸಿ, ಎರಡು ಅಂಚಿನ ತಂತಿಗಳ ಜಾಗದಲ್ಲಿ ನಟ್‌ನಿಂದ ಬ್ರಿಡ್ಜ್‌ವರೆಗೆ ದಾರ ಎಳೆದು, ಫಿಂಗರ್‌ಬೋರ್ಡಿನ ಎರಡೂ ಬದಿಗೆ ಸಮ ಅಂತರ ಬಂದ ಮೇಲೆ ಕ್ಲಾಂಪ್ ಬಿಗಿಯಿರಿ. ಬಾಡಿಯ ತೂತಿನ ಮೂಲಕ ದಬ್ಬಳದಿಂದ ಗುರುತು ಮಾಡಿ, ಆಮೇಲೆ 3 ಮಿ.ಮೀ. ಬಿಟ್. ಮಾಮೂಲಿ ಸ್ಕ್ರೂ 45 ಮಿ.ಮೀ.; ಅದರಲ್ಲಿ ಬಾಡಿ ಹಿಂದಿನ ಲೋಹದ ಪ್ಲೇಟು, ಪಾಕೆಟ್ ಕೆಳಗೆ ಉಳಿದ ಬಾಡಿ ಸೇರಿ 30 ತಿಂದು, ನೆಕ್ಕಿಗೆ ಹೋಗುವುದು 15. ಬಿಟ್ಟಿಗೆ 17ರ ಹತ್ತಿರ ಟೇಪು ಸುತ್ತಿ, ಅದರಾಚೆ ಇಳಿಸಬೇಡಿ. ಬಾಡಿ ಒಟ್ಟು 40 ಮಿ.ಮೀ. ದಪ್ಪದ ಅಗ್ಗದ್ದಾದರೆ ಪಾಕೆಟ್ ಕೆಳಗಿನ ಮರ ತೆಳು, ಅದೇ ಸ್ಕ್ರೂ 20 ಮಿ.ಮೀ. ಒಳಗೆ ಹೋಗಿ ಫಿಂಗರ್‌ಬೋರ್ಡಿಗೇ ತಾಗುತ್ತದೆ, ಗಿಡ್ಡ ಸ್ಕ್ರೂ ಹಾಕಿ. ಸ್ಕ್ರೂ ಬಾಡಿಯ ತೂತಿನಲ್ಲಿ ಸಲೀಸಾಗಿ ಜಾರಬೇಕು. ಅಲ್ಲೂ ಕಚ್ಚಿಕೊಂಡರೆ ನೆಕ್ ಎಷ್ಟು ಬಿಗಿದರೂ ಪಾಕೆಟ್‌ಗೆ ಅಂಟಿ ಕೂರುವುದಿಲ್ಲ. ಬಾಡಿಯ ತೂತನ್ನು 4.5ಕ್ಕೆ ಹಿಗ್ಗಿಸಿ. ಸ್ಕ್ರೂ ಹಲ್ಲಿಗೆ ಮೇಣದ ಬತ್ತಿ ಉಜ್ಜಿ, ಕೈ ಸ್ಕ್ರೂಡ್ರೈವರಿನಿಂದಲೇ ತಿರುಗಿಸಿ. ಗಟ್ಟಿ ಮೇಪಲ್‌ನಲ್ಲಿ ಮೆಷಿನ್ ಹಿಡಿದರೆ ಸ್ಕ್ರೂ ತಲೆ ಮುರಿದು, ಮಿಕ್ಕ ಭಾಗ ಒಳಗೇ ಉಳಿಯುತ್ತದೆ. ಬಣ್ಣ ಬಳಿಯದ ಹಸಿ ಮೇಪಲ್ ನೆಕ್ಕಾದರೆ ಮೊದಲು ಲೇಪ ಹಚ್ಚಿ. ಕೋಲಾರದ ಕಡೆಯ ಮಾರ್ಚ್, ಏಪ್ರಿಲ್ ಒಣಹವೆಗೆ ಮರ ಕುಗ್ಗಿ ಫ್ರೆಟ್ ತುದಿಗಳು ಬೆರಳಿಗೆ ಚುಚ್ಚುತ್ತವೆ.

ದೂರದಿಂದ ಹಳೇ ನೆಕ್ ತರಿಸುವುದಾದರೆ ಮಾರುವವರಿಂದ ನಾಲ್ಕು ಫೋಟೊ ಕೇಳಿ: ಬುಡದ ಠಸ್ಸೆ, ನಟ್ ಮೇಲೆ ಸ್ಕೇಲ್ ಇಟ್ಟದ್ದು, ನಟ್‌ನಿಂದ 12ನೇ ಫ್ರೆಟ್‌ವರೆಗೆ ಟೇಪು ಹಿಡಿದದ್ದು, ಬೆನ್ನಿನ ಪೂರ್ತಿ ಉದ್ದ. ಬುಡದ ಫೋಟೊ ಒಂದನ್ನು ಮಾತ್ರ ಕಳಿಸಿ, ಉಳಿದದ್ದಕ್ಕೆ ‘ಆಮೇಲೆ ಕೊಡ್ತೀನಿ ಸರ್’ ಅಂದರೆ ಮುಂಗಡ ಹಾಕಬೇಡಿ.