ಶಿಮ್ಮಿ: ವೇಗದಲ್ಲಿ ಅದುರುವ ಸ್ಟೀರಿಂಗ್

ಕಾರು ಒಂದು ನಿರ್ದಿಷ್ಟ ವೇಗವನ್ನು ಮುಟ್ಟಿದಾಗ ಸ್ಟೀರಿಂಗ್ ವೀಲ್ ಎಡಕ್ಕೂ ಬಲಕ್ಕೂ ಸಣ್ಣದಾಗಿ, ಬಿಡುವಿಲ್ಲದೆ ಅದುರತೊಡಗುವುದನ್ನು ವಾಹನ ತಂತ್ರಜ್ಞರು ‘ಶಿಮ್ಮಿ’ ಎನ್ನುತ್ತಾರೆ. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದಲ್ಲಿ ಜನಪ್ರಿಯವಾಗಿದ್ದ, ಭುಜಗಳನ್ನು ಬಿರುಸಾಗಿ ಅಲುಗಿಸುವ ಒಂದು ಕುಣಿತಕ್ಕೆ ಈ ಹೆಸರಿತ್ತು. ಅಲ್ಲಿಂದ ಅದು ಕಾರಿನ ಮುಂಗಾಲಿಗಳಿಗೆ ಅಂಟಿಕೊಂಡಿತು. ಕನ್ನಡದಲ್ಲಿ ‘ಸ್ಟೀರಿಂಗ್ ನಡುಕ’ ಎಂದರೆ ಸಾಕಾಗುತ್ತದೆ.

ಈ ಪದಕ್ಕೆ ಎರಡು ಅರ್ಥಗಳಿವೆ, ಎರಡೂ ಒಂದರೊಳಗೊಂದು ಬೆರೆತುಹೋಗಿವೆ. ಎಂಜಿನಿಯರಿಂಗ್‌ನ ಕಟ್ಟುನಿಟ್ಟಿನ ಅರ್ಥದಲ್ಲಿ ಶಿಮ್ಮಿ ಎಂದರೆ ತನ್ನನ್ನು ತಾನೇ ಬೆಳೆಸಿಕೊಳ್ಳುವ ಓಲಾಟ. ಅಂಗಡಿಯ ತಳ್ಳುಬಂಡಿಯನ್ನು ಸ್ವಲ್ಪ ಜೋರಾಗಿ ತಳ್ಳಿದರೆ ಅದರ ಮುಂದಿನ ಪುಟ್ಟ ಗಾಲಿ ಪಟಪಟನೆ ಹೊಡೆದುಕೊಳ್ಳುವುದು ಇದಕ್ಕೆ ಉದಾಹರಣೆ. ಹೊರಗಿನಿಂದ ಯಾರೂ ಅದನ್ನು ಅಲುಗಿಸುತ್ತಿರುವುದಿಲ್ಲ, ಮುಂದಕ್ಕೆ ಚಲಿಸುವ ಶಕ್ತಿಯೇ ಓಲಾಟವಾಗಿ ತಿರುಗುತ್ತದೆ. ಎರಡು ಮುಂಗಾಲಿಗಳನ್ನು ಒಂದೇ ಗಟ್ಟಿ ಅಚ್ಚಿಗೆ ಜೋಡಿಸುತ್ತಿದ್ದ ಹಳೆಯ ಕಾರುಗಳಲ್ಲಿ ಇದು ದೊಡ್ಡ ಪಿಡುಗಾಗಿತ್ತು. 1934ರ ಮಾದರಿಗಳಲ್ಲಿ ಜನರಲ್ ಮೋಟರ್ಸ್‌ನಂತಹ ಅಮೆರಿಕದ ತಯಾರಕರು ಮುಂದಿನ ಎರಡು ಗಾಲಿಗಳಿಗೆ ಬೇರೆಬೇರೆ ಸಸ್ಪೆನ್ಷನ್ (ಗಾಲಿಯನ್ನು ಕಾರಿಗೆ ಜೋಡಿಸಿ ರಸ್ತೆಯ ಕುಲುಕಾಟವನ್ನು ತಗ್ಗಿಸುವ ಸ್ಪ್ರಿಂಗ್ ಏರ್ಪಾಡು) ಕೊಡಲು ಈ ಕಾಟದಿಂದ ಪಾರಾಗುವ ಆಸೆಯೂ ಒಂದು ಕಾರಣ. ಇಂದಿನ ಕಾರುಗಳ ಮಟ್ಟಿಗೆ ಬಳಕೆಯಲ್ಲಿರುವುದು ಎರಡನೆಯ, ಸಡಿಲವಾದ ಅರ್ಥ: ತಿರುಗುವ ಭಾಗವೊಂದರ ದೋಷ ಪ್ರತಿ ಸುತ್ತಿಗೂ ಒಂದು ಏಟು ಕೊಟ್ಟು ಸ್ಟೀರಿಂಗನ್ನು ಅಲುಗಿಸುವುದು. ಹೊಸ ಕಾರಿನಲ್ಲಿ ಕಾಣಿಸಿಕೊಳ್ಳುವ ನಡುಕ ಬಹುಪಾಲು ಈ ಜಾತಿಯದು.

ಆ ಏಟು ಎಷ್ಟು ದೊಡ್ಡದು ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಸಾಧಾರಣ ಕಾರಿನ ಟೈರಿನ ಸುತ್ತಳತೆ ಹೆಚ್ಚುಕಡಿಮೆ 2 ಮೀಟರ್. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುವುದರಿಂದ ಗಾಲಿ ಸೆಕೆಂಡಿಗೆ 13ರಿಂದ 14 ಸುತ್ತು ಹಾಕುತ್ತದೆ. 16 ಇಂಚಿನ ರಿಮ್ಮಿನ ಅಂಚಿನಲ್ಲಿ ಒಂದು ಕಡೆ ಕೇವಲ 30 ಗ್ರಾಂ ತೂಕ ಹೆಚ್ಚಿದ್ದರೂ, ಈ ವೇಗದಲ್ಲಿ ಅದು ಗಾಲಿಯನ್ನು ಹೊರಕ್ಕೆ ಎಳೆಯುವ ಬಲ ಸುಮಾರು ನಾಲ್ಕೂವರೆ ಕಿಲೋಗ್ರಾಂ ಭಾರಕ್ಕೆ ಸಮ. ಸೆಕೆಂಡಿಗೆ ಹದಿಮೂರು ಸಲ ಅದರ ದಿಕ್ಕು ಒಂದು ಸುತ್ತು ತಿರುಗುತ್ತದೆ. ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 50 ಕಿಲೋಮೀಟರ್ ವೇಗದಲ್ಲಿ ಇದೇ 30 ಗ್ರಾಂನ ಎಳೆತ ಕಾಲುಭಾಗಕ್ಕೆ ಇಳಿಯುತ್ತದೆ. ಊರೊಳಗೆ ಓಡಿಸುವಾಗ ಏನೂ ತಿಳಿಯದೆ, ಹೆದ್ದಾರಿಗೆ ಬಂದೊಡನೆ ಕೈ ನಡುಗುವುದು ಇದರಿಂದ.

ಆದರೆ ವೇಗದ ವರ್ಗವೊಂದೇ ಕಾರಣವಾಗಿದ್ದರೆ ನಡುಕ ವೇಗದೊಂದಿಗೆ ಏರುತ್ತಲೇ ಹೋಗಬೇಕಿತ್ತು. ಅನೇಕ ಕಾರುಗಳಲ್ಲಿ ಹಾಗಾಗುವುದಿಲ್ಲ. 90ರ ಹೊತ್ತಿಗೆ ಶುರುವಾಗಿ, 105ರ ಸುಮಾರಿಗೆ ಜೋರಾಗಿ, 125 ದಾಟಿದರೆ ತಗ್ಗಿಬಿಡುತ್ತದೆ. ಗಾಲಿ, ಅದನ್ನು ಬಿಗಿಯುವ ನಡುಭಾಗವಾದ ಹಬ್, ಬ್ರೇಕ್ ಇವೆಲ್ಲ ಸೇರಿದ ಭಾರವು ಟೈರು ಮತ್ತು ಸಸ್ಪೆನ್ಷನ್ನಿನ ನಡುವೆ ಕುಣಿಯುವುದಕ್ಕೆ ತನ್ನದೇ ಆದ ಒಂದು ಸಹಜ ಲಯವಿದೆ. ಅದು ಸಾಮಾನ್ಯವಾಗಿ ಸೆಕೆಂಡಿಗೆ 10ರಿಂದ 15 ಸಲದ ಆಸುಪಾಸಿನಲ್ಲಿ ಇರುತ್ತದೆ. ಗಾಲಿಯ ಸುತ್ತಿನ ಲಯ ಈ ಸಹಜ ಲಯಕ್ಕೆ ಹೊಂದಿಕೆಯಾದ ವೇಗದಲ್ಲಿ ಅನುರಣನ ಉಂಟಾಗಿ ಸಣ್ಣ ಏಟೂ ದೊಡ್ಡದಾಗುತ್ತದೆ, ದಾಟಿದ ಮೇಲೆ ಹೊಂದಿಕೆ ತಪ್ಪುತ್ತದೆ. ವೇಗ ಹೆಚ್ಚಿಸಿದರೆ ನಡುಕ ಹೋಗುತ್ತದೆ ಎಂದು ಕೆಲವರು ಸಮಾಧಾನಪಟ್ಟುಕೊಳ್ಳುವುದುಂಟು. ದೋಷ ಎಲ್ಲಿಗೂ ಹೋಗಿರುವುದಿಲ್ಲ.

ಅಸಮತೋಲದಲ್ಲೂ ಎರಡು ಬಗೆಗಳಿವೆ. ಹೆಚ್ಚಿನ ತೂಕ ಗಾಲಿಯ ಅಗಲದ ಸರಿಮಧ್ಯದಲ್ಲಿದ್ದರೆ ಗಾಲಿ ಮೇಲೆಕೆಳಗೆ ಪುಟಿಯುತ್ತದೆ. ಒಳ ಅಥವಾ ಹೊರ ಅಂಚಿಗೆ ಸರಿದಿದ್ದರೆ ಅಕ್ಕಪಕ್ಕಕ್ಕೂ ತೂಗುತ್ತದೆ. ಮುಂಗಾಲಿ ಹೀಗೆ ತೂಗಿದಾಗ ಗಾಲಿಯನ್ನು ಸ್ಟೀರಿಂಗಿಗೆ ಜೋಡಿಸುವ ಟೈ ರಾಡ್ ಎಂಬ ಸರಳಿನ ಮೂಲಕ ಆ ಚಲನೆ ನೇರವಾಗಿ ಸ್ಟೀರಿಂಗಿಗೆ ಬರುತ್ತದೆ. ಹಿಂಗಾಲಿಯದಾದರೆ ನಡುಕ ಆಸನದಲ್ಲಿ, ಕಾಲ ಕೆಳಗಿನ ನೆಲದಲ್ಲಿ ಗೊತ್ತಾಗುತ್ತದೆ.

ಈಗಷ್ಟೇ ಮನೆಗೆ ತಂದ ಕಾರಿನಲ್ಲಿ ಸವೆದ ಬಾಲ್ ಜಾಯಿಂಟ್ (ಸಸ್ಪೆನ್ಷನ್ನಿನ ಗುಂಡು ಕೀಲು), ಸಡಿಲಗೊಂಡ ಬುಷ್ (ರಬ್ಬರಿನ ಕೀಲು) ಮುಂತಾದವನ್ನು ಮೊದಲಿಗೇ ಶಂಕಿಸುವುದರಲ್ಲಿ ಅರ್ಥವಿಲ್ಲ. ಹೊಸ ಕಾರಿನ ತೊಂದರೆಗಳೇ ಬೇರೆ. ಕಾರ್ಖಾನೆಯಿಂದ ಹೊರಟ ಕಾರು ತಿಂಗಳುಗಟ್ಟಲೆ ಬಯಲಿನಲ್ಲಿ ಒಂದೇ ಕಡೆ ನಿಂತಿದ್ದರೆ ನೆಲಕ್ಕೆ ತಾಗಿದ ಟೈರಿನ ಭಾಗ ಚಪ್ಪಟೆಯಾಗುತ್ತದೆ. ಅಲ್ಪಕಾಲ ನಿಂತು ಆದ ಚಪ್ಪಟೆ ಹತ್ತಿಪ್ಪತ್ತು ಕಿಲೋಮೀಟರ್ ಓಡಿ ಟೈರು ಬಿಸಿಯಾದ ಮೇಲೆ ತಾನೇ ಸರಿಹೋಗುವುದರಿಂದ, ಬೆಳಿಗ್ಗೆ ಇದ್ದು ಆಮೇಲೆ ಕಾಣೆಯಾಗುವ ನಡುಕಕ್ಕೆ ಇದೇ ಮೊದಲ ಶಂಕೆ. ಬಹುಕಾಲ ನಿಂತದ್ದಾದರೆ ಚಪ್ಪಟೆ ಹಾಗೆಯೇ ಉಳಿದು ಟೈರನ್ನೇ ಬದಲಿಸಬೇಕಾಗಬಹುದು. ಸಾಗಣೆಯ ಅನುಕೂಲಕ್ಕೆಂದು ಹೆಚ್ಚಾಗಿ ತುಂಬಿದ ಗಾಳಿಯನ್ನು ಮಾರಾಟಕ್ಕೆ ಮುಂಚಿನ ತಪಾಸಣೆಯಲ್ಲಿ ಇಳಿಸಲು ಮರೆಯುವುದೂ ಉಂಟು. ಅದು ನಡುಕಕ್ಕೆ ಮೂಲವಲ್ಲವಾದರೂ ಟೈರನ್ನು ಬಿಗಿ ಮಾಡಿ ಇರುವ ನಡುಕವನ್ನು ಎತ್ತಿ ತೋರಿಸುತ್ತದೆ. ಆದ್ದರಿಂದ ಬೇರೆಲ್ಲಕ್ಕಿಂತ ಮೊದಲು ಟೈರು ತಣ್ಣಗಿರುವಾಗ ಗಾಳಿಯನ್ನು ಅಳೆದು, ಕಾರಿನ ಮೇಲೆ ಅಂಟಿಸಿರುವ ಪಟ್ಟಿಯ ಸಂಖ್ಯೆಯೊಂದಿಗೆ ಹೋಲಿಸಬೇಕು. ಗಾಲಿಯ ತೂಕವನ್ನು ಸುತ್ತಲೂ ಸಮಗೊಳಿಸಲು ರಿಮ್ಮಿನ ಒಳಬದಿಗೆ ಅಂಟಿಸಿದ ಬ್ಯಾಲೆನ್ಸಿಂಗ್ ತೂಕ ಕಳಚಿಬಿದ್ದಿದ್ದರೆ ಅಲ್ಲಿ ಅಂಟಿನ ಗುರುತು ಉಳಿದಿರುತ್ತದೆ. ಒಳಬದಿಯಲ್ಲಿ ಒಣಗಿ ಮೆತ್ತಿಕೊಂಡ ಕೆಸರಿನ ಮುದ್ದೆಯೂ ತಪ್ಪು ಜಾಗದಲ್ಲಿಟ್ಟ ತೂಕದಂತೆಯೇ ಕೆಲಸ ಮಾಡುತ್ತದೆ.

ಪತ್ತೆಹಚ್ಚುವ ಕೆಲಸದಲ್ಲಿ ಉಪಕರಣಗಳಿಗಿಂತ ಮೊದಲು ಬೇಕಾದದ್ದು ನಡುಕ ಯಾವಾಗ ಬರುತ್ತದೆ ಎಂಬುದರ ನಿಖರವಾದ ವಿವರಣೆ. ‘ಸ್ಟೀರಿಂಗ್ ಅದುರುತ್ತದೆ’ ಎಂಬ ದೂರಿನಿಂದ ಯಾವ ಮೆಕ್ಯಾನಿಕ್‌ಗೂ ದಾರಿ ಕಾಣುವುದಿಲ್ಲ. ಬ್ರೇಕ್ ಒತ್ತಿದಾಗ ಮಾತ್ರ ಬರುವುದಾದರೆ ಬ್ರೇಕ್ ಡಿಸ್ಕಿನ ದಪ್ಪ ಎಲ್ಲೆಡೆ ಒಂದೇ ಸಮನಾಗಿಲ್ಲ ಎಂದು ಶಂಕಿಸಬೇಕು. ಆಕ್ಸಿಲರೇಟರ್ ತುಳಿದಾಗ ಬಂದು, ಕಾಲು ತೆಗೆದೊಡನೆ ನಿಲ್ಲುವುದಾದರೆ ಎಂಜಿನ್ನಿನ ಶಕ್ತಿಯನ್ನು ಗಾಲಿಗೆ ಒಯ್ಯುವ ಡ್ರೈವ್ ಶಾಫ್ಟಿನ ಒಳಬದಿಯ ಜಾಯಿಂಟ್ ಕಡೆಗೆ ನೋಡಬೇಕು. ಅದೇ ವೇಗವನ್ನು ಬೇರೊಂದು ಗೇರಿನಲ್ಲಿ ಕಾಯ್ದುಕೊಂಡಾಗ ನಡುಕ ಬದಲಾಗುವುದಾದರೆ ಮೂಲ ಎಂಜಿನ್ನಿನ ಕಡೆಗಿದೆ. ಬದಲಾಗದೆ ವೇಗವನ್ನಷ್ಟೇ ಅನುಸರಿಸಿದರೆ ಗಾಲಿ, ಟೈರು, ಹಬ್ ಇವುಗಳಲ್ಲೊಂದು.

ದೂರು ಹೊತ್ತುಕೊಂಡು ಹೋದವರಿಗೆ ಮೊದಲು ಅಲೈನ್‌ಮೆಂಟ್ ಮಾಡಿಕೊಡುವ ವಾಡಿಕೆ ಇದೆ, ಅದು ನನಗೆ ಸರಿ ಕಾಣುವುದಿಲ್ಲ. ಅಲೈನ್‌ಮೆಂಟ್ ಎಂದರೆ ಗಾಲಿಗಳ ಕೋನಗಳನ್ನು ಹೊಂದಿಸುವುದು. ಅದು ತಪ್ಪಿದರೆ ಕಾರು ಒಂದು ಕಡೆಗೆ ಎಳೆಯುತ್ತದೆ, ಟೈರು ಓರೆಯಾಗಿ ಸವೆಯುತ್ತದೆ. ಕೋನವೆಂಬುದು ಗಾಲಿಯೊಂದಿಗೆ ಸುತ್ತುವ ವಸ್ತುವಲ್ಲವಾದ್ದರಿಂದ ಪ್ರತಿ ಸುತ್ತಿಗೊಂದು ಏಟು ಅದರಿಂದ ಹುಟ್ಟುವುದಿಲ್ಲ. ಮಾಡಿಸಬೇಕಾದದ್ದು ಬ್ಯಾಲೆನ್ಸಿಂಗ್. ಅದರಲ್ಲೂ ಗಾಲಿಯನ್ನು ಯಂತ್ರದ ಅಚ್ಚಿಗೆ ನಟ್ಟನಡುವೆ ಕೂರಿಸದಿದ್ದರೆ ಪರದೆಯ ಮೇಲೆ ಸೊನ್ನೆ ಬಂದರೂ ಕಾರಿನಲ್ಲಿ ನಡುಕ ಉಳಿದಿರುತ್ತದೆ. ಸೊನ್ನೆ ಬಂದ ಮೇಲೆ ಹಿಡಿಕೆಯನ್ನು ಸಡಿಲಿಸಿ, ಗಾಲಿಯನ್ನು ಅಚ್ಚಿನ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ಬಿಗಿದು ಓಡಿಸಿ ನೋಡುವಂತೆ ಕೇಳಬಹುದು. ಈ ಸಲ ಬೇರೆ ಸಂಖ್ಯೆ ಬಂದರೆ ಮೊದಲಿನ ಅಳತೆ ನಂಬತಕ್ಕದ್ದಲ್ಲ.

ಬ್ಯಾಲೆನ್ಸಿಂಗ್ ಸರಿಯಾಗಿದ್ದೂ ನಡುಕ ಹೋಗದಿದ್ದಾಗ ಪ್ರವೇಶಿಸುವ ಪದ ‘ರೋಡ್ ಫೋರ್ಸ್’. ಟೈರಿನ ಗೋಡೆ ಸುತ್ತಲೂ ಒಂದೇ ಬಿಗಿಯಲ್ಲಿ ಇರುವುದಿಲ್ಲ. ಒಂದು ಕಡೆ ಬಿಗಿ ಹೆಚ್ಚಿದ್ದರೆ, ತೂಕ ಸಮವಾಗಿದ್ದರೂ, ಭಾರ ಹೊತ್ತು ಉರುಳುವಾಗ ಆ ಭಾಗ ನೆಲವನ್ನು ಹೆಚ್ಚು ಒತ್ತುತ್ತದೆ. ಸಾಮಾನ್ಯ ಯಂತ್ರದಲ್ಲಿ ಗಾಲಿ ಗಾಳಿಯಲ್ಲಿ ಬರಿದೇ ತಿರುಗುವುದರಿಂದ ಇದು ಅದರ ಕಣ್ಣಿಗೆ ಬೀಳುವುದಿಲ್ಲ. ರೋಡ್ ಫೋರ್ಸ್ ಯಂತ್ರವು ದೊಡ್ಡ ಉರುಳೆಯೊಂದನ್ನು ಟೈರಿಗೆ ಒತ್ತಿ ಹಿಡಿದು ಅಳೆಯುತ್ತದೆ. ಪರಿಹಾರವೂ ಸರಳ: ಟೈರಿನ ಅತಿ ಬಿಗಿಯಾದ ಭಾಗವನ್ನು ರಿಮ್ಮಿನ ಅತಿ ತಗ್ಗಿನ ಭಾಗಕ್ಕೆ ಹೊಂದಿಸಿ ಮತ್ತೆ ಕೂರಿಸುವುದು. ಹೊಸ ಟೈರಿನ ಪಕ್ಕದಲ್ಲಿ ಕಾಣುವ ಕೆಂಪು ಚುಕ್ಕೆ ಸಾಮಾನ್ಯವಾಗಿ ಆ ಬಿಗಿ ಭಾಗವನ್ನೂ, ಹಳದಿ ಚುಕ್ಕೆ ಅತಿ ಹಗುರ ಭಾಗವನ್ನೂ ಸೂಚಿಸುತ್ತವೆ.

ಇಷ್ಟೆಲ್ಲ ಯಂತ್ರಗಳಿಲ್ಲದೆಯೂ ದೋಷ ಗಾಲಿಯಲ್ಲಿದೆಯೇ, ಅದರ ಹಿಂದಿನ ಭಾಗಗಳಲ್ಲಿದೆಯೇ ಎಂದು ತಿಳಿಯುವ ಹಳೆಯ ಉಪಾಯವೊಂದಿದೆ. ನಾಲ್ಕೂ ಗಾಲಿಗಳ ಅಳತೆ ಒಂದೇ ಆಗಿದ್ದರೆ, ಮುಂದಿನವನ್ನು ಅದದೇ ಬದಿಯ ಹಿಂದಿನವುಗಳೊಂದಿಗೆ ಅದಲುಬದಲು ಮಾಡಿ, ಹಬ್ಬಿನ ಮುಖವನ್ನು ಒರೆಸಿ, ನಟ್‌ಗಳನ್ನು ಎದುರುಬದುರಿನ ಕ್ರಮದಲ್ಲಿ ತಯಾರಕರು ಹೇಳಿದಷ್ಟೇ ಬಿಗಿದು, ಅದೇ ರಸ್ತೆಯಲ್ಲಿ ಅದೇ ವೇಗಕ್ಕೆ ಹೋಗಬೇಕು. ನಡುಕ ಕೈಯಿಂದ ಆಸನಕ್ಕೆ ಇಳಿದರೆ ತಪ್ಪು ಟೈರಿನದೋ ರಿಮ್ಮಿನದೋ ಆಗಿರುತ್ತದೆ. ಸ್ಟೀರಿಂಗಿನಲ್ಲೇ ಹಾಗೆಯೇ ಉಳಿದರೆ ಹಬ್, ಡಿಸ್ಕ್, ಶಾಫ್ಟ್‌ಗಳನ್ನು ಡಯಲ್ ಗೇಜ್ (ಸೂಕ್ಷ್ಮ ಓಲಾಟವನ್ನು ಮುಳ್ಳಿನಿಂದ ತೋರಿಸುವ ಅಳತೆಯ ಉಪಕರಣ) ಹಿಡಿದು ಒಂದೊಂದಾಗಿ ಅಳೆಯಬೇಕಾಗುತ್ತದೆ.