ಪದ ಪರಿಚಯ: ಪ್ಲೇಟ್‌ಲೆಟ್ ಡೋಸ್

ದಿನ ತುಂಬದೆ ಹುಟ್ಟಿದ ಮಗುವಿನ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಚಾರ್ಟಿನಲ್ಲಿ ‘ಪ್ಲೇಟ್‌ಲೆಟ್, ಕೆಜಿಗೆ 15 ಎಂಎಲ್’ ಎಂದು ಬರೆದಿದ್ದರೆ, ಅದು ಮಗುವಿನ ತೂಕ ನೋಡಿ ನಿಗದಿಪಡಿಸಿದ ಒಂದು ಸಲದ ಡೋಸ್. ಪ್ಲೇಟ್‌ಲೆಟ್ ಎಂದರೆ ರಕ್ತ ಹೆಪ್ಪುಗಟ್ಟಲು ನೆರವಾಗುವ ಸೂಕ್ಷ್ಮ ಕಣ. ಡೆಂಗಿಯ ದಿನಗಳಲ್ಲಿ ಇದನ್ನೇ ‘ಬಿಳಿ ರಕ್ತಕಣ’ ಎನ್ನುವ ರೂಢಿ ನಮ್ಮಲ್ಲಿ ಬೆಳೆದಿದೆ. ಅದು ತಪ್ಪು, ಬಿಳಿ ರಕ್ತಕಣಗಳು ಸೋಂಕಿನೊಡನೆ ಹೋರಾಡುವ ಬೇರೆಯೇ ಕಣಗಳು.

900 ಗ್ರಾಂ ತೂಗುವ ಮಗುವಿಗೆ ಈ ಲೆಕ್ಕದಲ್ಲಿ ಬರುವುದು 13.5 ಎಂಎಲ್, ಅಂದರೆ ಮೂರು ಟೀ ಚಮಚಕ್ಕೂ ಕಡಿಮೆ. ಆದರೆ ಅಂಥ ಮಗುವಿನ ಮೈಯಲ್ಲಿರುವ ಒಟ್ಟು ರಕ್ತವೇ ಸುಮಾರು 80ರಿಂದ 90 ಎಂಎಲ್ ಆಗಿರುವುದರಿಂದ, ಐದು ಲೀಟರ್ ರಕ್ತವಿರುವ ದೊಡ್ಡವರಿಗೆ ಒಂದೇ ಸಲಕ್ಕೆ ಮುಕ್ಕಾಲು ಲೀಟರಿನಷ್ಟು ಏರಿಸಿದಂತಾಗುತ್ತದೆ. ಆದ್ದರಿಂದಲೇ ಅದನ್ನು ಸಿರಿಂಜ್ ಪಂಪಿಗೆ ಹಾಕಿ, ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆಯ ಅವಧಿಯಲ್ಲಿ, ನಿಧಾನವಾಗಿ ಕೊಡುತ್ತಾರೆ. ಒಬ್ಬ ದಾನಿಯ ರಕ್ತದಿಂದ ಬೇರ್ಪಡಿಸಿದ ಪ್ಲೇಟ್‌ಲೆಟ್ ಚೀಲದಲ್ಲಿ ಸುಮಾರು 50ರಿಂದ 70 ಎಂಎಲ್ ಇರುತ್ತದೆ. ಈ ಮಗುವಿಗೆ ಅದರ ಒಂದು ಪಾಲು ಸಾಕು. ರಕ್ತನಿಧಿಯಲ್ಲಿ ಈ ಚೀಲವನ್ನು ಫ್ರಿಜ್‌ನಲ್ಲಿಡದೆ, 20ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಿಡದೆ ಅಲುಗಾಡಿಸುತ್ತ ಕಾಪಾಡುತ್ತಾರೆ.

ಎಷ್ಟು ಕೊಡಬೇಕು ಎಂಬುದಕ್ಕಿಂತ ಯಾವಾಗ ಕೊಡಬೇಕು ಎಂಬುದೇ ಹೆಚ್ಚು ಕಠಿಣವಾದ ಪ್ರಶ್ನೆ. ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಪ್ಲೇಟ್‌ಲೆಟ್‌ಗಳಿರುತ್ತವೆ. ಕೌಂಟ್ ಇಳಿದಾಗ ಬೇಗ ಏರಿಸಿದರೆ ಮಿದುಳಿನ ರಕ್ತಸ್ರಾವ ತಪ್ಪೀತು ಎಂಬ ನಂಬಿಕೆ ಬಹುಕಾಲ ಇತ್ತು. ಬ್ರಿಟನ್, ಐರ್ಲೆಂಡ್ ಮತ್ತು ನೆದರ್ಲೆಂಡ್ಸ್‌ನಲ್ಲಿ 34 ವಾರ ತುಂಬುವ ಮೊದಲೇ ಹುಟ್ಟಿದ 660 ಶಿಶುಗಳ ಮೇಲೆ ನಡೆದು, 2019ರಲ್ಲಿ ಪ್ರಕಟವಾದ ‘ಪ್ಲಾನೆಟ್-2’ ಅಧ್ಯಯನ ಆ ನಂಬಿಕೆಯನ್ನು ಅಲುಗಾಡಿಸಿತು. ಕೌಂಟ್ 50,000ಕ್ಕಿಂತ ಇಳಿದ ಕೂಡಲೇ ಪ್ಲೇಟ್‌ಲೆಟ್ ಕೊಟ್ಟ ಗುಂಪಿನಲ್ಲಿ ಶೇಕಡಾ 26ರಷ್ಟು ಮಕ್ಕಳು 28 ದಿನಗಳೊಳಗೆ ತೀರಿಕೊಂಡರು ಅಥವಾ ತೀವ್ರ ರಕ್ತಸ್ರಾವಕ್ಕೆ ತುತ್ತಾದರು. 25,000ದವರೆಗೆ ಕಾದ ಗುಂಪಿನಲ್ಲಿ ಆ ಪ್ರಮಾಣ ಶೇಕಡಾ 19. ಒಳ್ಳೆಯದಾಗಲೆಂದು ಕೊಟ್ಟದ್ದೇ ಕೆಲವು ಮಕ್ಕಳಿಗೆ ಕೇಡು ಮಾಡಿರಬಹುದು ಎಂಬುದು ಮನಸ್ಸನ್ನು ಕಲಕುವ ಮಾತು.

ಕಾರಣ ಪೂರ್ತಿ ಬಗೆಹರಿದಿಲ್ಲ. ದಾನಿಗಳ ಪ್ಲೇಟ್‌ಲೆಟ್‌ಗಳು ಶಿಶುವಿನವಕ್ಕಿಂತ ಚುರುಕಾಗಿದ್ದು, ಎಳೆಯ ರಕ್ತದ ಸಮತೋಲನಕ್ಕೆ ಒಗ್ಗದಿರಬಹುದು ಎಂಬುದು ಒಂದು ವಿವರಣೆ. ಒಮ್ಮೆಲೇ ಏರುವ ದ್ರವದ ಭಾರವೂ ಪಾತ್ರ ವಹಿಸಿರಬಹುದು ಎಂಬುದು ಇನ್ನೊಂದು.

ಇದನ್ನು ಓದಿದ ತಂದೆತಾಯಂದಿರು ಪ್ಲೇಟ್‌ಲೆಟ್ ಕೊಡುವುದೇ ಬೇಡವೆಂದು ಭಾವಿಸಬಾರದು. ರಕ್ತಸ್ರಾವ ಆಗುತ್ತಿರುವ ಅಥವಾ ಶಸ್ತ್ರಚಿಕಿತ್ಸೆಗೆ ಹೋಗಬೇಕಾದ ಮಗುವಿಗೆ ವೈದ್ಯರು ಇನ್ನೂ ಹೆಚ್ಚಿನ ಕೌಂಟ್ ಇರುವಾಗಲೇ ಕೊಡುತ್ತಾರೆ. ಜೊತೆಗೆ, ಈ ಅಧ್ಯಯನ ಹೋಲಿಸಿದ್ದು ಕೌಂಟಿನ ಮಿತಿಗಳನ್ನೇ ಹೊರತು ಡೋಸನ್ನಲ್ಲ. ಎರಡೂ ಗುಂಪುಗಳಿಗೆ ನಿಗದಿಯಾಗಿದ್ದುದು ಕೆಜಿಗೆ ಅದೇ 15 ಎಂಎಲ್.