ವೃದ್ಧರ ಮರೆವು: ಪರೀಕ್ಷೆಯ ಕಾಗದಕ್ಕಿಂತ ಅಡುಗೆಮನೆ, ಸಂತೆ ಹೆಚ್ಚು ಹೇಳುತ್ತವೆ

2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ 59.56. ಅರವತ್ತು ದಾಟಿದ ಹೆಂಗಸರನ್ನಷ್ಟೇ ಎಣಿಸಿದರೆ ಇನ್ನೂ ಬಹಳ ಕೆಳಗೆ. ಇಂಥ ಊರಿನ ಅಜ್ಜಿಯ ಮುಂದೆ ಕಾಗದ ಇಟ್ಟು ‘ಒಂದು ವಾಕ್ಯ ಬರೀರಿ, ನೂರರಿಂದ ಏಳೇಳು ಕಳೀತಾ ಹೋಗ್ರಿ’ ಎನ್ನುವ 30 ಅಂಕದ ಪರೀಕ್ಷೆ ಮಾಡಿದರೆ, ಅಂಕ ಕಡಿಮೆಯಾದದ್ದು ಮಿದುಳಿನ ತೊಂದರೆಗೋ ಶಾಲೆ ಕಾಣದ್ದಕ್ಕೋ ಗೊತ್ತಾಗದು. ತಪ್ಪು ಇನ್ನೊಂದು ದಿಕ್ಕಿಗೂ ಆಗುತ್ತದೆ: ನಿವೃತ್ತ ಮೇಷ್ಟ್ರು 28 ಅಂಕ ತೆಗೆದು ‘ಏನೂ ಇಲ್ಲ’ ಎನಿಸಿಕೊಂಡು ಹೋಗುತ್ತಾರೆ, ಮನೆಯಲ್ಲಿ ಒಂದೇ ಕರೆಂಟ್ ಬಿಲ್ಲನ್ನು ಎರಡು ಸಲ ಕಟ್ಟಿರುತ್ತಾರೆ.

ಅದಕ್ಕೇ ದಿನದ ಕೆಲಸ ನೋಡಬೇಕು. ಅಮೆರಿಕದ ಸಂಶೋಧಕರಾದ ಲಾಟನ್ ಮತ್ತು ಬ್ರಾಡಿ 1969ರಲ್ಲೇ ಎಂಟು ಕೆಲಸಗಳ ಪಟ್ಟಿ ಕೊಟ್ಟರು: ಫೋನು, ಖರೀದಿ, ಅಡುಗೆ, ಮನೆಗೆಲಸ, ಬಟ್ಟೆ ಒಗೆತ, ಪ್ರಯಾಣ, ಔಷಧಿ, ಹಣಕಾಸು. ಅದನ್ನು ಹಾಗೇ ಇಲ್ಲಿಗೆ ತಂದರೆ ನಡೆಯುವುದಿಲ್ಲ. ಜೀವಮಾನದಲ್ಲಿ ಒಲೆ ಹಚ್ಚದ ಗಂಡಸಿಗೆ ‘ಅಡುಗೆ ಬರುತ್ತಾ’ ಎಂದು ಕೇಳಿ ಏನು ಲಾಭ? ಹರಿಯಾಣದ ಬಲ್ಲಬ್‌ಗಢದಲ್ಲಿ ಓದುಬರಹ ಬಾರದ ಹಿರಿಯರಿಗಾಗಿಯೇ ಒಂದು ಅಳತೆ ಸಿದ್ಧವಾಗಿ 1999ರಲ್ಲಿ ಪ್ರಕಟವಾಯಿತು. ಅಲ್ಲಿ ಪ್ರಶ್ನೆ ಹೋಗುವುದು ಮನೆಯವರಿಗೆ. ನಾವೂ ಅದೇ ದಾರಿ ಹಿಡಿಯಬೇಕು. ಅಳತೆಗೋಲು ಪಕ್ಕದ ಮನೆಯ ಅಜ್ಜನಲ್ಲ, ಇದೇ ಅಜ್ಜ ಎರಡು ವರ್ಷದ ಹಿಂದೆ ಅದೇ ಕೆಲಸ ಹೇಗೆ ಮಾಡುತ್ತಿದ್ದ ಎಂಬುದು.

ಯಾವ ಕೆಲಸ ನೋಡಬೇಕು? ಜೋಳದ ರೊಟ್ಟಿ ಬಡಿಯುವ ಕೈ ಮೋಸ ಮಾಡುತ್ತದೆ. ಐವತ್ತು ವರ್ಷದ ಕೈರೂಢಿ ಮರೆವು ಶುರುವಾದ ಮೇಲೂ ಬಹಳ ಕಾಲ ಉಳಿಯುತ್ತದೆ, ಮನೆಯವರು ಅದನ್ನೇ ನೋಡಿ ನಿಶ್ಚಿಂತರಾಗುತ್ತಾರೆ. ಮೊದಲು ಸಡಿಲಾಗುವುದು ಹೊಂದಿಸುವ ಕೆಲಸ: ಎಷ್ಟು ಮಂದಿಗೆ ಎಷ್ಟು ಹಿಟ್ಟು, ಎಸರು ಕಾಯುವಾಗಲೇ ಆಚೆ ಒಲೆಯ ಬೇಳೆಯ ಮೇಲೆ ಒಂದು ಕಣ್ಣು. ಬೇಳೆ ಒಮ್ಮೆ ತಳ ಹಿಡಿದರೆ ಲೆಕ್ಕಕ್ಕಿಲ್ಲ, ತಿಂಗಳಿಗೆ ನಾಲ್ಕು ಸಲ ಹಿಡಿದರೆ ಬರೆದಿಡಿ. ಗಂಡಸರಲ್ಲಿ ಭತ್ತದ ಚೀಲದ ಲೆಕ್ಕ, ಆಳುಗಳ ಬಟವಾಡೆ, ಕಾಲುವೆ ನೀರಿನ ಸರದಿ, ಸಂತೆಯಲ್ಲಿ ವಾಪಸ್ ಚಿಲ್ಲರೆ. ಹಣದ ಲೆಕ್ಕದ ಕುಸಿತ ವಿಶೇಷವಾಗಿ ಗಮನಿಸಬೇಕಾದ್ದು. ಸೌಮ್ಯ ಮರೆವು (ಮರೆವಿದ್ದೂ ದಿನದ ಬದುಕು ಹೆಚ್ಚುಕಡಿಮೆ ನಡೆಯುವ ಹಂತ) ಇದ್ದವರಲ್ಲಿ ಆಲ್ಝೈಮರ್ ಡಿಮೆನ್ಷಿಯಾಕ್ಕೆ (ದಿನದ ಬದುಕನ್ನೇ ಕೆಡಿಸುವಷ್ಟು ಬೆಳೆಯುವ ಮರೆವಿನ ಕಾಯಿಲೆ) ತಿರುಗುವವರ ಹಣದ ಚಾತುರ್ಯ, ಹಾಗೆ ತಿರುಗುವ ಮುನ್ನಾ ವರ್ಷದಲ್ಲೇ ಇಳಿಯುತ್ತದೆ ಎಂದು ಅಲಬಾಮಾ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ತೋರಿಸಿದ್ದಾರೆ. ಸೌಮ್ಯ ಹಂತದಲ್ಲಿ ಸ್ನಾನ, ಊಟ, ಉಡುಗೆ ಸರಿಯಾಗಿಯೇ ಇರುತ್ತವೆ. ಅವು ಕೆಟ್ಟ ಮೇಲೆ ಕರೆತಂದರೆ ಆರಂಭದ ಹಂತ ದಾಟಿಹೋಗಿರುತ್ತದೆ.

ಒಂದು ಎಚ್ಚರ. ಸಂತೆಗೆ ಹೋಗುವುದು ಬಿಟ್ಟಿದ್ದಕ್ಕೆ ಕಾರಣ ಮೊಣಕಾಲೋ, ಕಣ್ಣಿನ ಪೊರೆಯೋ, ಮರೆವೋ ಎಂದು ಬೇರೆ ಮಾಡಿ. ಮೊಣಕಾಲು ನೋವಿನವರು ಮನೆಯಲ್ಲೇ ಕೂತು ಪಟ್ಟಿ ಹೇಳುತ್ತಾರೆ, ದರ ವಿಚಾರಿಸುತ್ತಾರೆ. ಮರೆವಿನವರು ಹೋಗಿ ಬಂದು, ನಿನ್ನೆ ತಂದ ಉಳ್ಳಾಗಡ್ಡಿಯನ್ನೇ ಇವತ್ತೂ ತರುತ್ತಾರೆ.

ಮಾತ್ರೆ ಎಣಿಸುವುದು ಖರ್ಚಿಲ್ಲದ ಪರೀಕ್ಷೆ. ಹತ್ತು ಮಾತ್ರೆಯ ಸ್ಟ್ರಿಪ್, ದಿನಕ್ಕೆ ಒಂದು. ಆರನೇ ರಾತ್ರಿ ನಾಲ್ಕು ಉಳಿಯಬೇಕು. ಏಳು ಉಳಿದರೆ ತಪ್ಪಿಸಿದ್ದಾರೆ. ಎರಡೇ ಉಳಿದರೆ ನುಂಗಿದ್ದನ್ನು ಮರೆತು ಮತ್ತೆ ನುಂಗಿದ್ದಾರೆ. ಗ್ಲಿಮೆಪಿರೈಡ್‌ನಂಥ ಸಕ್ಕರೆ ಮಾತ್ರೆಯಲ್ಲಿ ಇದು ಹೆಚ್ಚು ಅಪಾಯ: ಸಕ್ಕರೆ ತೀರಾ ಇಳಿದು ಗೊಂದಲ ಇನ್ನೂ ಹೆಚ್ಚುತ್ತದೆ, ಪ್ರಜ್ಞೆಯೂ ತಪ್ಪಬಹುದು. ಮಾತ್ರೆ ಡಬ್ಬಿ ಆ ದಿನದಿಂದಲೇ ಸೊಸೆಯ ಅಥವಾ ಮಗನ ಕೈಯಲ್ಲಿರಲಿ.

‘ವಯಸ್ಸಾಗ್ಯದ, ಅರಳು-ಮರಳು ಬಿಡ್ರಿ’ ಎಂದು ಬಿಟ್ಟುಬಿಡುವುದರಿಂದ ತಪ್ಪಿಹೋಗುವುದು ಸರಿಪಡಿಸಬಹುದಾದ ಕಾರಣಗಳು. ವಿಟಮಿನ್ ಬಿ12 ಕೊರತೆ (ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ, ಶುದ್ಧ ಸಸ್ಯಾಹಾರಿಗಳಲ್ಲಿ ಹೆಚ್ಚು), ಥೈರಾಯ್ಡ್, ಖಿನ್ನತೆ, ಕಿವಿ ಮಂದ. ಅಂಗಡಿಯಲ್ಲಿ ಚೀಟಿ ಇಲ್ಲದೆ ಕೊಳ್ಳುವ ನೆಗಡಿ ಮಾತ್ರೆ ಮತ್ತು ನಿದ್ದೆ ಮಾತ್ರೆಗಳೂ ಮಂಕು ಕವಿಸುತ್ತವೆ. ಆಸ್ಪತ್ರೆಗೆ ಬರುವಾಗ ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಚೀಲದಲ್ಲಿ ತನ್ನಿ, ನೆಗಡಿಯದ್ದನ್ನೂ ಸೇರಿಸಿ. ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಬಿ12, ಸಕ್ಕರೆ, ಸೋಡಿಯಂ (ರಕ್ತದ ಉಪ್ಪಿನಂಶ), ಹಿಮೋಗ್ಲೋಬಿನ್ ಇವಿಷ್ಟನ್ನು ಮೊದಲು ಮಾಡಿಸಿ. ಸ್ಕ್ಯಾನ್ ಬೇಕೇ ಎಂಬುದನ್ನು ವೈದ್ಯರು ಹೇಳುತ್ತಾರೆ. ಬಿದ್ದು ತಲೆಗೆ ಪೆಟ್ಟಾದವರ ವಿಷಯದಲ್ಲಿ ಮಾತ್ರ ಸ್ಕ್ಯಾನ್ ತಡಮಾಡಬೇಡಿ.

ನಮ್ಮ ಬಿಸಿಲಿನದ್ದು ಬೇರೆ ಲೆಕ್ಕ. ಏಪ್ರಿಲ್-ಮೇನಲ್ಲಿ ನೀರು ಕಡಿಮೆ ಕುಡಿದು, ಮೇಲೆ ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ನುಂಗುವ ಹಿರಿಯರ ಸೋಡಿಯಂ ಏರುಪೇರಾಗಿ ಎರಡೇ ದಿನದಲ್ಲಿ ಮಾತು ತೊದಲಿ ದಿಕ್ಕು ತಪ್ಪಬಹುದು. ತಾಸು-ದಿನಗಳಲ್ಲಿ ಬಂದ ಗೊಂದಲವನ್ನು ತುರ್ತು ಎಂದೇ ಭಾವಿಸಿ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ತಿಂಗಳುಗಟ್ಟಲೆ ನಿಧಾನಕ್ಕೆ ಬಂದದ್ದನ್ನು ನಾಲ್ಕು ವಾರ ಬರೆದಿಟ್ಟು ತರಬಹುದು.

ಬರೆಯುವುದು ಹೀಗೆ: ದಿನಾಂಕ, ಕೆಲಸ, ಯಾವ ಹಂತದಲ್ಲಿ ತಪ್ಪಿತು, ನೆನಪಿಸಿದ ಮೇಲೆ ಸರಿಹೋಯಿತೇ. ‘ಎಲ್ಲಾ ಮರೀತಾರ’ ಎಂದು ಬರೆದರೆ ವೈದ್ಯರಿಗೆ ಉಪಯೋಗವಿಲ್ಲ. ‘ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ, ಅಕ್ಕಿ ಚೀಲ ಅಲ್ಲೇ ಬಿಟ್ಟು ಬಂದರು’ ಎಂದರೆ ಬಹಳ ಉಪಯೋಗ.

ಇನ್ನು, ತಪ್ಪಿದ ಕೂಡಲೇ ಸಂತೆ, ಅಡುಗೆ, ಲೆಕ್ಕ ಎಲ್ಲ ಕಸಿದುಕೊಳ್ಳುವ ಮನೆಗಳೇ ಹೆಚ್ಚು. ಎಡವುವ ಹಂತಕ್ಕೆ ಮಾತ್ರ ಕೈಕೊಡಿ: ಅತ್ತೆ ರೊಟ್ಟಿ ಬಡಿಯಲಿ, ಒಲೆ ಆರಿಸುವುದನ್ನು ಸೊಸೆ ನೋಡಲಿ, ಮಾವ ಸಂತೆಗೆ ಹೋಗಲಿ, ಜೊತೆಗೆ ಮೊಮ್ಮಗ ಇರಲಿ, ಜೇಬಿನಲ್ಲಿ ಐನೂರಕ್ಕಿಂತ ಹೆಚ್ಚು ಬೇಡ. ಸೌಮ್ಯ ಹಂತದಲ್ಲಿರುವವರೆಲ್ಲ ಡಿಮೆನ್ಷಿಯಾಕ್ಕೆ ಹೋಗುವುದಿಲ್ಲ, ಕೆಲವರು ಮೊದಲಿನಂತಾಗುವುದೂ ಉಂಟು. ಆರು ತಿಂಗಳಿಗೊಮ್ಮೆ ಅದೇ ಕೆಲಸಗಳನ್ನು, ಸಾಧ್ಯವಾದರೆ ಅದೇ ವ್ಯಕ್ತಿ, ಮತ್ತೆ ಗಮನಿಸಿ ಬರೆಯಲಿ.